ಯಂತ್ರವು ತೋರಿದ ಗಾಯಕಿ

ಕಳೆದ ಚಳಿಗಾಲದ ಒಂದಿರುಳು ಮೊಬೈಲಿನಲ್ಲಿ ಮಲ್ಲಿಕಾರ್ಜುನ ಮನಸೂರರ ಹಳೆಯ ಧ್ವನಿಮುದ್ರಣವೊಂದನ್ನು ಆಲಿಸುತ್ತ ಕುಳಿತಿದ್ದೆನು. ಅದು ಮುಗಿಯಿತು. ನಾನು ಏನನ್ನೂ ಒತ್ತಲಿಲ್ಲ. ಯಂತ್ರವು ತಾನಾಗಿಯೇ ಇನ್ನೊಂದು ಕಂಠವನ್ನು ಮುಂದಿಟ್ಟಿತು. ಯಾರೋ ತರುಣಿ; ಹೆಸರನ್ನು ಕೇಳಿ ಬಲ್ಲವನಲ್ಲ. ವಿಲಂಬಿತದ ಮೊದಲ ಆವರ್ತನದಲ್ಲಿಯೇ ಸ್ವರದ ನೆಲೆ ಗಟ್ಟಿಯಾದುದೆಂದು ತೋರಿತು. ನಾನು ಸಂಗೀತಶಾಸ್ತ್ರಜ್ಞನಲ್ಲ, ಛಂದಸ್ಸು ವ್ಯಾಕರಣಗಳನ್ನು ಬೋಧಿಸುವ ಉಪಾಧ್ಯಾಯ. ಆದರೂ ಆ ರಾತ್ರಿ ನಿದ್ದೆ ದೂರವಾಯಿತು.

ಯಂತ್ರದಿಂದ ರಸಿಕತೆ ಕೆಡುವುದೆಂದು ಗೊಣಗುವ ಮಿತ್ರರು ನನಗುಂಟು. ಅವರ ಮಾತನ್ನು ನಾನು ಒಪ್ಪಲಾರೆ. ಗದಗಿನ ಸೀಮೆಯ ಬಾಲಕ ಭೀಮಸೇನ ಜೋಶಿಯವರು ಅಬ್ದುಲ್ ಕರೀಂ ಖಾನರ ಝಿಂಝೋಟಿಯ ಠುಮರಿಯನ್ನು ಗ್ರಾಮಫೋನ್ ತಟ್ಟೆಯಿಂದಲೇ ಕೇಳಿದರು. 1933ರಲ್ಲಿ ಗುರುವನ್ನರಸಿ ಮನೆ ಬಿಟ್ಟರು. ಅಂಗಡಿಯ ಯಂತ್ರವು ಅವರಿಗೆ ಬಾಗಿಲನ್ನು ಮಾತ್ರ ತೆರೆಯಿತು, ನಡೆದುಹೋದವರು ಅವರು.

ಇಂದಿನ ಕಷ್ಟ ಬೇರೆ. 1902ರಲ್ಲಿ ಗೌಹರ್ ಜಾನ್ ತಟ್ಟೆಗೆ ಹಾಡಿದಾಗ ಕೊನೆಯಲ್ಲಿ ತಮ್ಮ ಹೆಸರನ್ನು ತಾವೇ ಘೋಷಿಸಿದರು. ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯಲ್ಲಿ. ಅಲ್ಲಿಯ ಕೆಲಸಗಾರರಿಗೆ ಹಾಡಿದವರಾರೆಂದು ತಿಳಿಯಬೇಕಾಗಿತ್ತು. ಈಗ ಹಾಡು ಒಂದರ ಬೆನ್ನಿಗೊಂದು ಹರಿದು ಬರುತ್ತದೆ. ಹೆಸರು ತೆರೆಯ ಮೇಲಿದ್ದರೂ ಮೊಬೈಲು ಜೇಬಿನಲ್ಲಿರುತ್ತದೆ! ಹಾಡು ಸೊಗಸಾಗಿದೆಯೆಂದ ವಿದ್ಯಾರ್ಥಿಯೊಬ್ಬನನ್ನು ಹಾಡಿದವರಾರೆಂದು ಕೇಳಿದೆ. "ಗೊತ್ತಿಲ್ಲ ಗುರುಗಳೇ, ತಾನೇ ಬಂತು" ಎಂದನು. ಇದು ನನಗೆ ಕೃತಿಯನ್ನೋದಿ ಕವಿಯ ಹೆಸರನ್ನು ಬಿಟ್ಟಂತೆ ತೋರುತ್ತದೆ.

ಶಿಫಾರಸಿನ ಒಳಗುಟ್ಟನ್ನೂ ಅರಿಯಬೇಕು. ನಾವು ಕೇಳಿದುದನ್ನೇ ಕೇಳಿದ ಇತರರು ಮತ್ತೇನನ್ನು ಕೇಳಿದರೆಂಬುದನ್ನು ಯಂತ್ರವು ಲೆಕ್ಕ ಹಾಕುತ್ತದೆ. ಸ್ಪಾಟಿಫೈ ಸಂಸ್ಥೆ 2015ರಿಂದ ಸೋಮವಾರಕ್ಕೊಮ್ಮೆ ಒಬ್ಬೊಬ್ಬ ಶ್ರೋತೃವಿಗೂ ಬೇರೆಬೇರೆ ಪಟ್ಟಿಯನ್ನು ಒದಗಿಸತೊಡಗಿತು. 2019ರಲ್ಲಿ ಭಾರತಕ್ಕೂ ಬಂದಿತು. ಲೆಕ್ಕವೇನೋ ಚತುರವೇ. ಆದರೆ ಕೆಲವರಾದರೂ ಕೇಳದ ಹೊರತು ಹೊಸಬರ ಹೆಸರು ಅದರೊಳಗೆ ಸೇರುವುದು ಕಷ್ಟ. ಮೇಲಾಗಿ, ಹನ್ನೆರಡು ತಿಂಗಳಲ್ಲಿ 1000 ಬಾರಿಯೂ ಕೇಳಲ್ಪಡದ ಹಾಡಿಗೆ ಗೌರವಧನವಿಲ್ಲವೆಂಬ ನಿಯಮವನ್ನು ಆ ಸಂಸ್ಥೆ 2024ರಲ್ಲಿ ಜಾರಿಗೆ ತಂದಿತು. ಹಳ್ಳಿಯ ಹಾಡುಗಾರನಿಗೆ ಸಾವಿರವೆಂಬುದು ಸಣ್ಣ ಸಂಖ್ಯೆಯಲ್ಲ. (ನಾನು ರಾತ್ರಿ ಕೇಳುವವನೆಂಬುದನ್ನು ಕಂಡೋ ಏನೋ, ಮರುವಾರ ಯಂತ್ರವು ನನಗೆ ನಿದ್ರೆ ಬರಿಸುವ ಮಳೆಯ ಸದ್ದನ್ನು ಸೂಚಿಸಿತು. ಮನಸೂರರ ಗಾಯನದಿಂದ ಅದು ತಿಳಿದುಕೊಂಡುದು ಇಷ್ಟೇ!)

ಆದ್ದರಿಂದ ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ ಸಣ್ಣದು. ಯಂತ್ರವು ತಂದುದನ್ನು ಧಾರಾಳವಾಗಿ ಕೇಳಿರಿ. ಮನಸ್ಸಿಗೆ ಹಿಡಿದರೆ ಅಲ್ಲಿಯೇ ನಿಲ್ಲಿಸಿ ಹೆಸರನ್ನು ನೋಡಿರಿ, ಅವರ ಗುರುಗಳಾರೆಂದು ಹುಡುಕಿರಿ, ಮತ್ತೊಬ್ಬರಿಗೆ ತಿಳಿಸಿರಿ. ಹತ್ತಿರದ ಊರಿನಲ್ಲಿ ಅವರ ಕಚೇರಿಯಿದ್ದರೆ ತಪ್ಪದೆ ಹೋಗಿರಿ.

ಆ ತರುಣಿಯ ಕಚೇರಿಗೆ ಈ ಬೇಸಗೆಯಲ್ಲಿ ನಾನೂ ಹೋಗಿದ್ದೆನು. ಬಸ್ಸಿನಲ್ಲಿ ಎರಡು ತಾಸಿನ ಪಯಣ. ಸಭೆಯಲ್ಲಿ ನಲವತ್ತು ಜನರಿರಲಿಲ್ಲ. ತಂಬೂರಿಯ ಶ್ರುತಿ ಕೂಡಿಸುವುದಕ್ಕೇ ಬಹಳ ಹೊತ್ತು ಹಿಡಿಯಿತು, ಯಾರೂ ಬೇಸರಿಸಲಿಲ್ಲ. ನಮ್ಮ ಶಾಲೆಯ ವಾಚನಾಲಯದಲ್ಲಿ ಇಂಥ ಹೊಸ ಗಾಯಕರ ಹೆಸರುಗಳಿಗೆಂದು ಒಂದು ದಪ್ಪ ನೋಟುಪುಸ್ತಕವನ್ನು ಇರಿಸಿದ್ದೇನೆ. ಆಕೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದರ ಮೊದಲ ಪುಟದಲ್ಲಿದೆ, ಬಂದು ನೋಡಿರಿ. ಎರಡನೆಯ ಪುಟ ಇನ್ನೂ ಖಾಲಿಯಾಗಿದೆ.