ಹೊಸ ರೂಟರು ಬಂತು, ವೇಗ ಎಲ್ಲಿ?

ತಿಂಗಳ ಬಾಡಿಗೆ ಹೆಚ್ಚಾದರೂ ಪರವಾಗಿಲ್ಲ ಎಂದು 300 ಮೆಗಾಬಿಟ್‌ನ ಇಂಟರ್‌ನೆಟ್ ಸಂಪರ್ಕ ಹಾಕಿಸಿದ್ದಾಯಿತು. ಹಳೆಯ ರೂಟರು ಅಟ್ಟ ಸೇರಿ ಹೊಸದು ಬಂದದ್ದೂ ಆಯಿತು. ಆನ್‌ಲೈನ್ ಪರೀಕ್ಷೆಯ ನಡುವೆ ವೈ-ಫೈ ಕೈಕೊಟ್ಟರೆ ಗತಿಯೇನು ಎಂದು ಮಗಳ ಕೋಣೆಯ ಕಂಪ್ಯೂಟರಿಗೆ ತಂತಿಯನ್ನೇ ಎಳೆಸಿದ್ದಾಗಿದೆ. ಆದರೆ ವೇಗ ಅಳೆದು ನೋಡಿದರೆ 94! ಅದೇ ಹೊತ್ತಿಗೆ ನಡುಮನೆಯಲ್ಲಿ ಕುಳಿತ ಅಪ್ಪನ ಮೊಬೈಲಿಗೆ, ತಂತಿಯ ಹಂಗಿಲ್ಲದೆ, 250 ಬರುತ್ತಿದೆ. ಕಂಪ್ಯೂಟರಿನಲ್ಲಿ ಏನೇನೋ ತುಂಬಿಕೊಂಡಿದ್ದೀಯ ಎಂದು ಅಪ್ಪ ಮಗಳನ್ನು ಗದರುತ್ತಾರೆ. ಮಗಳು ಕಂಪನಿಯವರನ್ನು ಬೈಯುತ್ತಾಳೆ. ಕಂಪನಿಯವರು ಫೋನಿನಲ್ಲಿ ‘ಒಂದ್ಸಲ ಆಫ್ ಮಾಡಿ ಆನ್ ಮಾಡಿ ಸಾರ್’ ಎನ್ನುತ್ತಾರೆ.

ಇಲ್ಲಿ ಮೂವರೂ ನಿರಪರಾಧಿಗಳು. ಏನು ನಡೆದಿದೆ ಎಂಬುದನ್ನು ಆ 94 ಎಂಬ ಅಂಕಿಯೇ ಹೇಳುತ್ತಿದೆ.

ಕಂಪ್ಯೂಟರುಗಳನ್ನು ತಂತಿಯಿಂದ ಜೋಡಿಸುವ ಈ ಪದ್ಧತಿಗೆ ಈಥರ್‌ನೆಟ್ ಎಂದು ಹೆಸರು. 1973ರಲ್ಲಿ ಅಮೆರಿಕದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ರಾಬರ್ಟ್ ಮೆಟ್‌ಕಾಫ್ ಮತ್ತು ಡೇವಿಡ್ ಬಾಗ್ಸ್ ಇದಕ್ಕೆ ಬುನಾದಿ ಹಾಕಿದರು. ಇದರ ವೇಗ ಇಳಿಜಾರಿನಂತೆ ಅಲ್ಲ, ಮೆಟ್ಟಿಲುಗಳಂತೆ. ಸೆಕೆಂಡಿಗೆ 10 ಮೆಗಾಬಿಟ್ ಒಂದು ಮೆಟ್ಟಿಲು, 100 ಇನ್ನೊಂದು, 1000 ಮತ್ತೊಂದು. ಈ ಸಾವಿರಕ್ಕೇ ಗಿಗಾಬಿಟ್ ಎನ್ನುವುದು. ಅದಕ್ಕೂ ಮೇಲಿನ ಮೆಟ್ಟಿಲುಗಳಿವೆ, ನಮ್ಮ ಮನೆಗೆ ಸದ್ಯ ಅವು ಬೇಡ. ಪ್ಲಗ್ ಚುಚ್ಚಿದ ಕೂಡಲೇ ರೂಟರು ಮತ್ತು ಕಂಪ್ಯೂಟರು ತಮ್ಮೊಳಗೇ ಮಾತಾಡಿಕೊಂಡು, ಇಬ್ಬರಿಗೂ ಸಾಧ್ಯವಾದ ಅತಿ ಎತ್ತರದ ಮೆಟ್ಟಿಲನ್ನು ಆರಿಸಿಕೊಳ್ಳುತ್ತವೆ. ಸಾವಿರಕ್ಕೆ ಏನಾದರೂ ಅಡ್ಡಿ ಇದ್ದರೆ ನೂರಕ್ಕೆ ಬಂದು ನಿಲ್ಲುತ್ತವೆ. ನಡುವೆ ಮುನ್ನೂರು ಎಂಬ ಮೆಟ್ಟಿಲಿಲ್ಲ.

ನೂರು ಏಕೆ 94 ಆಯಿತು? ಅಂಚೆಯಲ್ಲಿ ಕಾಗದ ಕಳಿಸುವಾಗ ಲಕೋಟೆಯ ತೂಕವೂ ಸೇರುತ್ತದಲ್ಲ, ಹಾಗೆ. ಸಾಮಾನ್ಯವಾಗಿ ಒಂದು ಕಂತಿನಲ್ಲಿ ಹೋಗುವ ಅಸಲು ಮಾಹಿತಿ 1460 ಬೈಟು. ಅದಕ್ಕೆ ವಿಳಾಸ, ತಪಾಸಣೆಯ ಗುರುತು, ಎರಡು ಕಂತುಗಳ ನಡುವಿನ ಬಿಡುವು ಎಲ್ಲ ಸೇರಿ ತಂತಿಯ ಮೇಲೆ 1538 ಬೈಟಿನಷ್ಟು ಜಾಗ ಹೋಗುತ್ತದೆ. ಭಾಗಿಸಿ ನೋಡಿ, ನೂರರಲ್ಲಿ ಹತ್ತಿರ ಹತ್ತಿರ 95 ಉಳಿಯುತ್ತದೆ. ಆದ್ದರಿಂದ 92ರಿಂದ 95ರವರೆಗಿನ ಯಾವ ಅಂಕಿ ಪದೇ ಪದೇ ಕಂಡರೂ, ಸಂಪರ್ಕ ನೂರರ ಮೆಟ್ಟಿಲಿನಲ್ಲಿ ಸಿಕ್ಕಿಕೊಂಡಿದೆ ಎಂದೇ ಸಂಶಯಪಡಬಹುದು.

ಗೊಂದಲಕ್ಕೆ ಇನ್ನೊಂದು ಕಾರಣವೂ ಇದೆ. ಸಂಪರ್ಕದ ವೇಗವನ್ನು ಹೇಳುವುದು ಬಿಟ್‌ಗಳಲ್ಲಿ, ಕಡತ ಇಳಿಸಿಕೊಳ್ಳುವಾಗ ಪರದೆ ತೋರಿಸುವುದು ಸಾಮಾನ್ಯವಾಗಿ ಬೈಟುಗಳಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟು. ಹೀಗಾಗಿ ನೂರು ಮೆಗಾಬಿಟ್ ಎಂದರೆ 12.5 ಮೆಗಾಬೈಟು ಮಾತ್ರ. ‘ನೂರು ಕೊಡ್ತೀನಿ ಅಂದು ಹನ್ನೆರಡು ಕೊಟ್ಟಿದ್ದಾರೆ’ ಎಂದು ಜಗಳಕ್ಕೆ ಹೋಗುವ ಮುನ್ನ ಇದನ್ನು ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು.

ಈಗ ನಮ್ಮ ಮನೆಯ ಸಮಸ್ಯೆಗೆ ಬರೋಣ. ಅಪ್ಪನ ಮೊಬೈಲಿಗೆ 250 ಬರುತ್ತಿದೆ ಎಂದ ಮೇಲೆ ಹೊರಗಿನಿಂದ ರೂಟರಿನವರೆಗೆ ವೇಗ ಸರಿಯಾಗಿಯೇ ಬಂದಿದೆ. ಕಳ್ಳ ಇರುವುದು ರೂಟರು ಮತ್ತು ಕಂಪ್ಯೂಟರಿನ ನಡುವೆ. ಮೊಬೈಲಿಗೂ 94ರ ಆಸುಪಾಸೇ ಬಂದಿದ್ದರೆ ಹುಡುಕಾಟದ ದಿಕ್ಕೇ ಬೇರೆಯಾಗುತ್ತಿತ್ತು. ಆಗ ಫೈಬರ್ ಪೆಟ್ಟಿಗೆಯಿಂದ ರೂಟರಿಗೆ ಬರುವ ಮೋಟು ತಂತಿಯನ್ನೋ, ರೂಟರನ್ನೇ ಆಗಲಿ ಅನುಮಾನಿಸಬೇಕಾಗಿತ್ತು.

ರೂಟರನ್ನು ಅನುಮಾನಿಸಲು ಕಾರಣವಿಲ್ಲದಿಲ್ಲ. ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ 1200 ಎಂದಿರುತ್ತದೆ. ಅದು ವೈ-ಫೈಯ ಎರಡು ಬೇರೆ ಬೇರೆ ಪಟ್ಟಿಗಳ ವೇಗವನ್ನು, 300 ಮತ್ತು 867ನ್ನು ಕೂಡಿಸಿ, ಮೇಲೊಂದಿಷ್ಟು ದುಂಡಗೆ ಮಾಡಿದ ಸಂಖ್ಯೆ. ಹಿಂಬದಿಯ ತಂತಿಯ ಪೋರ್ಟುಗಳಿಗೂ ಅದಕ್ಕೂ ಸಂಬಂಧವಿಲ್ಲ. ಅಗ್ಗದ ಮಾದರಿಗಳಲ್ಲಿ ಆ ಪೋರ್ಟುಗಳು ನೂರಕ್ಕೇ ಮುಗಿಯುತ್ತವೆ. ಪೆಟ್ಟಿಗೆಯ ಮಗ್ಗುಲಲ್ಲಿ ಸಣ್ಣ ಅಕ್ಷರದಲ್ಲಿ ‘10/100’ ಎಂದಿದ್ದರೆ ಅಷ್ಟೇ, ‘10/100/1000’ ಎಂದಿದ್ದರೆ ಗಿಗಾಬಿಟ್. ಕೆಲವು ಫೈಬರ್ ಪೆಟ್ಟಿಗೆಗಳಲ್ಲಿ ಒಂದು ಪೋರ್ಟ್ ಮಾತ್ರ ಗಿಗಾಬಿಟ್ ಆಗಿದ್ದು ಉಳಿದವು ನೂರರವು. ಜಿಇ ಎಂದು ಬರೆದಲ್ಲಿ ಚುಚ್ಚುವ ಬದಲು ಎಫ್‌ಇ ಎಂದು ಬರೆದಲ್ಲಿ ಚುಚ್ಚಿದ್ದೇ ಕೆಲವೊಮ್ಮೆ ಇಡೀ ರೋಗ. ಹೊಸ ರೂಟರು ಕೊಳ್ಳುವವರು ದಪ್ಪ ಅಕ್ಷರ ಬಿಟ್ಟು ಸಣ್ಣ ಅಕ್ಷರ ಓದಬೇಕು.

ರೂಟರೂ ಗಿಗಾಬಿಟ್, ಕಂಪ್ಯೂಟರೂ ಗಿಗಾಬಿಟ್, ಆದರೂ 94 ಎಂದರೆ ತಂತಿಯ ಸರದಿ. ನನ್ನ ಮಟ್ಟಿಗೆ ಇದೇ ಇಡೀ ಕಥೆಯ ಸ್ವಾರಸ್ಯದ ಭಾಗ.

ಲ್ಯಾನ್ ಕೇಬಲಿನ ಹೊದಿಕೆ ಸುಲಿದರೆ ಒಳಗೆ ಎಂಟು ಎಳೆಗಳು, ಎರಡೆರಡಾಗಿ ಹೊಸೆದ ನಾಲ್ಕು ಜೋಡಿ. ಕಿತ್ತಳೆ, ಹಸಿರು, ನೀಲಿ, ಕಂದು. ಹೀಗೆ ಹೊಸೆಯುವ ಉಪಾಯ ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್‌ನದು, 1881ರಷ್ಟು ಹಳೆಯದು. ಹೊರಗಿನ ವಿದ್ಯುತ್ ಗದ್ದಲ ಹೊಸೆದ ಎರಡೂ ಎಳೆಗಳ ಮೇಲೆ ಸಮನಾಗಿ ಬೀಳುತ್ತದೆ. ಆ ತುದಿಯಲ್ಲಿ ಎರಡರ ವ್ಯತ್ಯಾಸವನ್ನಷ್ಟೇ ಓದುವುದರಿಂದ ಗದ್ದಲ ವಜಾ ಆಗಿಹೋಗುತ್ತದೆ. ನೂರು ಮೆಗಾಬಿಟ್‌ಗೆ ಇವುಗಳಲ್ಲಿ ಎರಡು ಜೋಡಿ ಸಾಕು, ಕಿತ್ತಳೆ ಮತ್ತು ಹಸಿರು. ಗಿಗಾಬಿಟ್‌ಗೆ ನಾಲ್ಕೂ ಬೇಕು. ನೀಲಿಯಲ್ಲೋ ಕಂದಿನಲ್ಲೋ ಒಂದೇ ಒಂದು ಎಳೆ ಕಡಿದಿದ್ದರೂ ನೂರರ ಮೆಟ್ಟಿಲಿನಲ್ಲಿ ಎಲ್ಲವೂ ಸರಾಗವಾಗಿ ನಡೆಯುತ್ತದೆ, ಒಂದು ದೂರೂ ಬರುವುದಿಲ್ಲ. ಹಿಂದೆ 50 ಮೆಗಾಬಿಟ್ ಸಂಪರ್ಕವಿದ್ದಾಗ ಆ ಕಡಿದ ಎಳೆ ಯಾರಿಗೂ ಬೇಕಿರಲಿಲ್ಲ. ಹೊಸ ರೂಟರು, ಹೊಸ ಸಂಪರ್ಕ ಬಂದ ದಿನ ಹಳೆಯ ಹುಳುಕು ಬಯಲಿಗೆ ಬಂತು, ದೂಷಣೆ ಹೊಸ ರೂಟರಿನ ಮೇಲೆ ಬಿತ್ತು. ಬಾಗಿಲ ಸಂದಿಯಲ್ಲಿ ಜಜ್ಜಿದ, ಇಲಿ ಕಡಿದ, ಮೊಳೆ ಚುಚ್ಚಿದ ತಂತಿಗಳಲ್ಲಿ ಹೀಗಾಗುವುದುಂಟು. ಒಂದೇ ಕೇಬಲಿನಲ್ಲಿ ನಾಲ್ಕು ಎಳೆ ಕಂಪ್ಯೂಟರಿಗೆ, ಉಳಿದವು ಟೆಲಿಫೋನಿಗೆ ಎಂದು ಹಂಚಿಕೊಟ್ಟ ಉಳಿತಾಯದ ಬುದ್ಧಿಯೂ ಹಳೆಯ ಮನೆಗಳಲ್ಲಿ ಸಿಗುತ್ತದೆ.

ಇದಕ್ಕಿಂತ ಕಳ್ಳ ತಪ್ಪು ಇನ್ನೊಂದಿದೆ. ಪ್ಲಗ್ಗಿನೊಳಗೆ ಎಳೆಗಳ ಸರದಿ ಹೀಗೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹಸಿರಿನ ಜೋಡಿ ನೀಲಿಯ ಆಚೆ ಈಚೆ ನಿಂತಿರುವುದನ್ನು ಗಮನಿಸಿ. ಇದನ್ನರಿಯದ ಕೆಲಸಗಾರ ಜೋಡಿಗಳನ್ನು ಅಂದವಾಗಿ ಸಾಲಾಗಿ ಕೂರಿಸುತ್ತಾನೆ, ಎರಡು ತುದಿಯಲ್ಲೂ ಒಂದೇ ರೀತಿ. ಅವನ ಟೆಸ್ಟರಿನಲ್ಲಿ ಎಂಟೂ ದೀಪ ಉರಿಯುತ್ತವೆ, ಏಕೆಂದರೆ ಪ್ರತಿ ಎಳೆಯೂ ತಲುಪಬೇಕಾದಲ್ಲಿಗೆ ತಲುಪಿದೆ. ಆದರೆ ಜೊತೆಯಾಗಿ ಕೆಲಸ ಮಾಡಬೇಕಾದ ಎರಡು ಎಳೆಗಳು ಈಗ ಬೇರೆ ಬೇರೆ ಹೊಸೆತದಲ್ಲಿವೆ, ಬೆಲ್‌ನ ಉಪಾಯ ವ್ಯರ್ಥ. ಮೋಟು ತಂತಿಯಲ್ಲಿ ಇದು ಹೇಗೋ ನಡೆದುಹೋಗಬಹುದು. ಉದ್ದವಾದಷ್ಟೂ ತಪ್ಪುಗಳು ಹೆಚ್ಚಿ ವೇಗ ಏರುಪೇರಾಗುತ್ತದೆ. ದೀಪ ಉರಿಯಿತು ಎಂದು ಹಣ ಎಣಿಸಿ ಕೊಡುವ ಮುನ್ನ ಪಾರದರ್ಶಕ ಪ್ಲಗ್ಗಿನೊಳಗಿನ ಬಣ್ಣಗಳನ್ನು ಕಣ್ಣಾರೆ ನೋಡಿ.

ಪತ್ತೆ ಹಚ್ಚುವುದು ಹೇಗೆ? ಭೌತಶಾಸ್ತ್ರದ ಪ್ರಯೋಗದಲ್ಲಿ ಹೇಳಿಕೊಡುವಂತೆ, ಒಂದು ಸಲಕ್ಕೆ ಒಂದನ್ನೇ ಬದಲಿಸಿ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ, ನೆಟ್‌ವರ್ಕ್ ವಿಭಾಗದಲ್ಲಿ ಈಥರ್‌ನೆಟ್ ತೆರೆದರೆ ಲಿಂಕ್ ಸ್ಪೀಡ್ ಎಂಬ ಸಾಲು ಕಾಣುತ್ತದೆ. ಅಲ್ಲಿ 100/100 ಇದೆಯೋ 1000/1000 ಇದೆಯೋ ನೋಡಿ ಬರೆದಿಟ್ಟುಕೊಳ್ಳಿ. ಬಳಿಕ ಕಂಪ್ಯೂಟರನ್ನು ರೂಟರಿನ ಪಕ್ಕಕ್ಕೇ ಒಯ್ದು, ಸರಿಯಿದೆ ಎಂದು ಗೊತ್ತಿರುವ ಒಂದು ಚಿಕ್ಕ ಗಿಗಾಬಿಟ್ ಕೇಬಲಿನಿಂದ ಜೋಡಿಸಿ. ಸಾವಿರ ಬಂದರೆ ಗೋಡೆಯೊಳಗಿನ ತಂತಿಯೇ ತಪ್ಪಿತಸ್ಥ. ಆಗಲೂ ಮೊದಲು ಎರಡು ತುದಿಯ ಪ್ಲಗ್ಗುಗಳನ್ನು ಹೊಸದಾಗಿ ಕ್ರಿಂಪ್ ಮಾಡಿಸಿ ನೋಡಿ. ಬಹಳ ಸಲ ಖರ್ಚು ಅಲ್ಲಿಗೇ ನಿಲ್ಲುತ್ತದೆ.

ವೇಗ 94 ಅಲ್ಲ, ಐದು, ಹತ್ತು ಎಂದು ಕುಣಿಯುತ್ತಿದ್ದರೆ ಅದು ಬೇರೆ ರೋಗ. ಹಿಂದೆ ಯಾರೋ ಕಂಪ್ಯೂಟರಿನಲ್ಲಿ ‘100 ಫುಲ್ ಡುಪ್ಲೆಕ್ಸ್’ ಎಂದು ಕೈಯಾರೆ ನಿಗದಿ ಮಾಡಿರಬಹುದು. ಹೊಸ ರೂಟರು ಮಾತಿಗೆ ಕರೆದರೂ ಅದು ಉತ್ತರಿಸದು. ಉತ್ತರ ಬಾರದಿದ್ದಾಗ ರೂಟರು, ಒಬ್ಬರು ಮಾತಾಡುವಾಗ ಇನ್ನೊಬ್ಬರು ಸುಮ್ಮನಿರುವ ಹಳೆಯ ಪದ್ಧತಿಗೆ ಇಳಿಯುತ್ತದೆ. ಈ ಕಡೆಯದು ಮಾತ್ರ ನಿಲ್ಲದೆ ಮಾತಾಡುತ್ತಲೇ ಇರುತ್ತದೆ. ಡಿಕ್ಕಿಯ ಮೇಲೆ ಡಿಕ್ಕಿ! ಆ ಸೆಟ್ಟಿಂಗನ್ನು ‘ಆಟೊ’ಗೆ ಮರಳಿಸಿದರೆ ಸಾಕು. ರೂಟರಿನಲ್ಲೇ ಕ್ಯೂಓಎಸ್ ಎಂಬ ಕಡೆ ಹಳೆಯ ಸಂಪರ್ಕದ ವೇಗ ನಮೂದಾಗಿ ಉಳಿದಿರುವುದೂ ಉಂಟು. ಮಕ್ಕಳ ಮೇಲೆ ಹಾಕಿದ ಮಿತಿಯನ್ನು ಹೆತ್ತವರೇ ಮರೆತಿರುವುದೂ ಉಂಟು.

ಒಂದು ಮಾತು ಹೆತ್ತವರಿಗೆ. ಒಂದು ವೀಡಿಯೊ ತರಗತಿಗೆ ನಾಲ್ಕೈದು ಮೆಗಾಬಿಟ್ ಧಾರಾಳ. 94 ಬಂದ ಮಾತ್ರಕ್ಕೆ ಮಗಳ ಓದು ಕೆಡುವುದಿಲ್ಲ. ಕೆಡುವುದು ಅರೆಕಡಿದ ಎಳೆ ಪರೀಕ್ಷೆಯ ನಡುವೆ ಪೂರ್ತಿ ಕೈಬಿಟ್ಟಾಗ. ಹಾಗಾಗಿ ಈ ತಪಾಸಣೆಯನ್ನು ಪರೀಕ್ಷೆಗೆ ಒಂದು ವಾರ ಮುಂಚೆಯೇ ಮಾಡಿ ಮುಗಿಸಿ. ಹೊಸ ಕೇಬಲ್ ಎಳೆಸುವುದೇ ಆದರೆ ಕ್ಯಾಟ್ 5ಇ ಸಾಕು, 100 ಮೀಟರಿನವರೆಗೆ ಅದು ಗಿಗಾಬಿಟ್ ಒಯ್ಯುತ್ತದೆ. ಕ್ಯಾಟ್ 8 ಎಂದು ಅಂಗಡಿಯವರು ತೋರಿಸಿದರೆ ಕೈಮುಗಿದು ಬನ್ನಿ. ಆದರೆ ತಾಮ್ರ ಪೂರ್ತಿ ತಾಮ್ರವೇ ಆಗಿರಲಿ, ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ ಬೇಡ. ಗೋಡೆಯೊಳಗೆ ಹಾಯಿಸುವುದಾದರೆ ಪೈಪಿನಲ್ಲೇ ಹಾಯಿಸಿ, ಮತ್ತೆ ಎಳೆಯುವಂತಿರಲಿ.