ಮಸಣದಲ್ಲಿ ಧರ್ಮದ ಪರೀಕ್ಷೆ

ಈಗಿನ ಕಾದಂಬರಿಗಳಲ್ಲಿ ಧರ್ಮವಿಲ್ಲ, ಅವು ಹುಡುಗರ ಬುದ್ಧಿ ಕೆಡಿಸುತ್ತವೆ ಎಂದು ನಮ್ಮ ಗುಡಗೇರಿ ಸೀಮೆಯ ಹಿರಿಯರು ಹೇಳುವುದುಂಟು. ಶ್ರಾವಣದ ಪುರಾಣ ಕೇಳಿ ಬೆಳೆದ ಕಿವಿಗೆ ಹೊಸ ಕಥೆ ರುಚಿಸದಿರುವುದು ಸಹಜ. ಆದರೆ ಹಿಂದಿನ ಕಾವ್ಯಗಳು ಎತ್ತಿದ ಧರ್ಮಸಂಕಟವನ್ನೇ ಒಳ್ಳೆಯ ಕಾದಂಬರಿಯೂ ಎತ್ತುತ್ತದೆ ಎಂಬುದನ್ನು ಸದ್ಭಕ್ತರು ಗಮನಿಸಬೇಕು.

ಹರಿಹರನ ಸೋದರಳಿಯನಾದ ವೀರಶೈವ ಕವಿ ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’ದ ಕಥೆ ತಿಳಿಯದ ಹಿರಿಯರಿಲ್ಲ. ಹಾವು ಕಚ್ಚಿ ಸತ್ತ ಲೋಹಿತಾಶ್ವನನ್ನು ಹೊತ್ತು ಚಂದ್ರಮತಿ ರಾತ್ರಿಯಲ್ಲಿ ಕಾಶಿಯ ಮಸಣಕ್ಕೆ ಬರುತ್ತಾಳೆ. ಅಲ್ಲಿ ಸುಡುಗಾಡು ಕಾಯುವವನು ಅವಳ ಗಂಡನೇ. ಹೆಣ ಸುಡಲು ತೆರಿಗೆ ಕೊಡಬೇಕು; ಕೊಡಲು ಅವಳಲ್ಲಿ ಹಣವಿಲ್ಲ. ಸತ್ತದ್ದು ತನ್ನ ಕರುಳಕುಡಿಯೆಂದು ತಿಳಿದ ಮೇಲೂ ಹರಿಶ್ಚಂದ್ರ ತೆರಿಗೆ ಬಿಡಲಿಲ್ಲ. ಅದು ಒಡೆಯನ ಹಕ್ಕು. ಬಿಡಲು ಆಳಿಗೆ ಅಧಿಕಾರವಿಲ್ಲ.

ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಪ್ರಕಟವಾದದ್ದು 1965ರಲ್ಲಿ. 1970ರಲ್ಲಿ ಅದು ಚಲನಚಿತ್ರವೂ ಆಯಿತು. ಅಲ್ಲಿಯೂ ನಡುವೆ ಇರುವುದು ಒಂದು ಹೆಣವೇ. ಆಚಾರ ಬಿಟ್ಟ ನಾರಣಪ್ಪ ತೀರಿಕೊಂಡಿದ್ದಾನೆ. ಅವನ ಸಂಸ್ಕಾರ ಮಾಡುವವರು ಯಾರು? ತಮ್ಮ ಬ್ರಾಹ್ಮಣ್ಯ ಕೆಟ್ಟೀತೆಂದು ಅಗ್ರಹಾರದವರೆಲ್ಲ ಹಿಂಜರಿಯುತ್ತಾರೆ. ಅವನೊಡನೆ ಬಾಳಿದ ಚಂದ್ರಿ ತನ್ನ ಬಂಗಾರವನ್ನು ಬಿಚ್ಚಿಟ್ಟ ಕೂಡಲೇ ಅದೇ ಜನರಿಗೆ ಆಸೆ ಹುಟ್ಟುತ್ತದೆ. ಪಂಡಿತರಾದ ಪ್ರಾಣೇಶಾಚಾರ್ಯರಿಗೆ ಶಾಸ್ತ್ರಗ್ರಂಥಗಳಲ್ಲಿ ಉತ್ತರ ಸಿಗಲಿಲ್ಲ. ಮಾರುತಿಯೂ ಪ್ರಸಾದ ಕೊಡಲಿಲ್ಲ. ಕೊನೆಗೆ ಚಂದ್ರಿಯೇ ಒಬ್ಬ ಮುಸಲ್ಮಾನನ ನೆರವಿನಿಂದ ರಾತ್ರೋರಾತ್ರಿ ಹೆಣ ಸುಡಿಸಿ ಹೊರಟುಹೋದಳು.

ಎರಡೂ ಕಡೆ ಹೆಣ ಕಾದಿದೆ, ನಿಯಮ ಅಡ್ಡ ನಿಂತಿದೆ. ಆದರೆ ವ್ಯತ್ಯಾಸ ನೋಡಿರಿ. ಹರಿಶ್ಚಂದ್ರ ನಿಯಮದ ಭಾರವನ್ನು ಮೊದಲು ತನ್ನ ಎದೆಯ ಮೇಲೆಯೇ ಹೊತ್ತುಕೊಂಡ. ಅಗ್ರಹಾರದವರು ಅದನ್ನು ಸತ್ತವನ ಮೇಲೆ ಹೊರಿಸಿ ತಾವು ಪಾರಾಗಲು ನೋಡಿದರು. ತನಗೆ ನೋವಾದರೂ ಪಾಲಿಸುವ ನಿಯಮ ಸತ್ಯವಾಗುತ್ತದೆ. ಪರರನ್ನು ದೂರವಿಡಲು ಬಳಸುವ ನಿಯಮ ಬರೀ ನೆಪವಾಗುತ್ತದೆ.

ಇದು ಪರರ ಮನೆಯ ಕಥೆಯೆಂದು ನಾವು ನಗುವಂತಿಲ್ಲ. ಲಿಂಗವಂತರಿಗೆ ಪಂಚಸೂತಕಗಳಿಲ್ಲ, ಸಾವಿನ ಸೂತಕವೂ ಇಲ್ಲ, ಮರಣವೆಂದರೆ ಲಿಂಗೈಕ್ಯ ಎಂದು ಶರಣರು ಸಾರಿದರು. ಹಾಗಿದ್ದೂ ಹೊಲದ ಬದುವಿನ ಜಗಳ, ಚುನಾವಣೆಯ ಹಗೆ, ಬೇರೆ ಜಾತಿಯವರನ್ನು ಮದುವೆಯಾದ ಮಗಳು ಎಂಬ ನೆಪ ಮುಂದೆ ಮಾಡಿ ‘ಅವರ ಮಣ್ಣಿಗೆ ನಾವ್ಯಾಕ ಹೋಗಬೇಕು’ ಎನ್ನುವವರು ನಮ್ಮ ಊರುಗಳಲ್ಲಿಯೂ ಇದ್ದಾರೆ. ಕೊರಳಲ್ಲಿ ಲಿಂಗವಿದ್ದೂ ಮನಸ್ಸಿನಲ್ಲಿ ಅಗ್ರಹಾರವಿದ್ದರೆ ಏನು ಫಲ?

ಸಂಸ್ಕಾರವೆಂಬ ಮಾತಿಗೆ ಎರಡು ಅರ್ಥ: ಸತ್ತವರಿಗೆ ಮಾಡುವ ಕ್ರಿಯೆ ಒಂದು, ಬದುಕಿರುವವರ ಗುಣಶುದ್ಧಿ ಇನ್ನೊಂದು. ಎರಡನೆಯದಿಲ್ಲದವರಿಂದ ಮೊದಲನೆಯದು ಆಗದು. ಆದುದರಿಂದ ಹಿರಿಯರು ಮೊಮ್ಮಕ್ಕಳ ಕೈಯಿಂದ ಕಾದಂಬರಿ ಕಸಿಯುವ ಬದಲು ಅದನ್ನು ಗಟ್ಟಿಯಾಗಿ ಓದಿಸಿ ಕೇಳಲಿ. ಬಳಿಕ ಹರಿಶ್ಚಂದ್ರನ ಕಥೆಯನ್ನು ತಾವು ಹೇಳಲಿ. ಮುನಿಸಿಕೊಂಡವರ ಮನೆಯಲ್ಲಿ ಸಾವಾದ ದಿನ ಮೊದಲು ಹೋಗಿ ಹೆಗಲು ಕೊಡಲಿ. ಅದೇ ನಿಜವಾದ ಶಿವಪೂಜೆ.