ನೆನಪಿನ ಓಟ

ಅಗಲಿದವರ ಹೆಸರಿನಲ್ಲಿ ಒಳಿತೊಂದನ್ನು ಮಾಡುವುದು ಕನ್ನಡ ನಾಡಿನ ಹಳೆಯ ರೂಢಿ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳ ಸೀಮೆಯ ಹಿರಿಯರು ಇದನ್ನು ಚೆನ್ನಾಗಿ ಬಲ್ಲರು. ತೀರಿಕೊಂಡ ಮಗನ ನೆನಪಿಗೆ ತಂದೆ ಬಾವಿ ತೋಡಿಸುತ್ತಿದ್ದನು. ತಾಯಿ ಬೇಸಗೆಯಲ್ಲಿ ಅರವಟ್ಟಿಗೆ ಇಡಿಸುತ್ತಿದ್ದಳು. ಆ ಮಗ ಯಾರೆಂದು ದಾರಿಹೋಕನಿಗೆ ತಿಳಿಯದಿದ್ದರೂ ಅವನ ಬಾಯಾರಿಕೆ ತಣಿಯುತ್ತಿತ್ತು. ಒಂದು ಮನೆಯ ದುಃಖವು ಊರಿಗೆ ಉಪಕಾರವಾಗುವ ಬಗೆ ಇದು. ಕ್ಯಾನ್ಸರಿಗೆ ತುತ್ತಾದ ಎಳೆಯ ಗೆಳೆಯನ ನೆನಪಿನಲ್ಲಿ ಓಡಿ, ಆ ರೋಗದ ಚಿಕಿತ್ಸೆಗೂ ಸಂಶೋಧನೆಗೂ ಹಣ ಕೂಡಿಸುವ ಇಂದಿನ ಪದ್ಧತಿಯನ್ನೂ ಇದೇ ದೃಷ್ಟಿಯಿಂದ ನೋಡಬೇಕು.

ಈ ಪದ್ಧತಿಗೆ ಜಗತ್ತಿನಲ್ಲಿ ದೊಡ್ಡ ಹೆಸರು ತಂದವನು ಕೆನಡಾ ದೇಶದ ಟೆರಿ ಫಾಕ್ಸ್. 1977ರಲ್ಲಿ, ಹದಿನೆಂಟರ ಹರೆಯದಲ್ಲಿ, ಮೂಳೆಯ ಕ್ಯಾನ್ಸರಿನಿಂದ ಅವನು ಬಲಗಾಲನ್ನು ಕಳೆದುಕೊಂಡನು. ಆಸ್ಪತ್ರೆಯಲ್ಲಿ ಅವನ ಮನಸ್ಸನ್ನು ಕಲಕಿದ್ದು ತನ್ನ ನೋವಿಗಿಂತ ಹೆಚ್ಚಾಗಿ ಸುತ್ತಲಿನ ರೋಗಿಗಳ, ಅದರಲ್ಲೂ ಮಕ್ಕಳ ಸಂಕಟ. 1980ರ ಏಪ್ರಿಲ್ 12ರಂದು ಅವನು ಕೃತಕ ಕಾಲನ್ನು ಕಟ್ಟಿಕೊಂಡು, ದೇಶದ ಪೂರ್ವ ತೀರದ ಸೇಂಟ್ ಜಾನ್ಸ್ ಪಟ್ಟಣದಿಂದ ಪಶ್ಚಿಮಾಭಿಮುಖವಾಗಿ ಓಡತೊಡಗಿದನು. ದಿನವೊಂದಕ್ಕೆ ಸುಮಾರು 42 ಕಿಲೋಮೀಟರ್. ದೊಡ್ಡಬಳ್ಳಾಪುರದಿಂದ ಬೆಂಗಳೂರಿಗೆ ಇರುವಷ್ಟು ದೂರ! ಹೀಗೆ 143 ದಿನಗಳಲ್ಲಿ 5,373 ಕಿಲೋಮೀಟರ್ ಸಾಗಿದ ಮೇಲೆ ರೋಗವು ಶ್ವಾಸಕೋಶಕ್ಕೆ ಹರಡಿ ಅವನು ನಿಲ್ಲಬೇಕಾಯಿತು. ದೇಶಬಾಂಧವರಿಂದ ತಲೆಗೊಂದು ಡಾಲರನ್ನು ಅವನು ಬೇಡಿದ್ದನು. 1981ರ ಫೆಬ್ರವರಿಯ ವೇಳೆಗೆ ನಿಧಿಯು 2 ಕೋಟಿ 40 ಲಕ್ಷ ಡಾಲರನ್ನು ಮುಟ್ಟಿತು. ಅದೇ ವರ್ಷ ಜೂನ್ 28ರಂದು, ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಟೆರಿ ಕಣ್ಮುಚ್ಚಿದನು. ಸೆಪ್ಟೆಂಬರಿನಲ್ಲಿ ಸುಮಾರು ಮೂರು ಲಕ್ಷ ಜನ ಅವನ ಹೆಸರಿನಲ್ಲಿ ಓಡಿದರು. ಆ ಓಟ ಮುಂದೆ ಭಾರತವೂ ಸೇರಿದಂತೆ ಅನೇಕ ದೇಶಗಳಿಗೆ ಹಬ್ಬಿತು. ಅದರಲ್ಲಿ ಸ್ಪರ್ಧೆಯಿಲ್ಲ, ಬಹುಮಾನವೂ ಇಲ್ಲ.

ಈ ಕಥೆಯಲ್ಲಿ ಇನ್ನೊಬ್ಬ ತರುಣನಿದ್ದಾನೆ. ಅವನು ಟೆರಿಯ ಶಾಲೆಯ ಗೆಳೆಯ ಡಗ್ ಆಲ್ವರ್ಡ್. ಟೆರಿ ಓಡುವಾಗ ಜೊತೆಯಲ್ಲಿ ವ್ಯಾನನ್ನು ನಡೆಸಿ, ಅಡುಗೆ ಮಾಡಿ ಬಡಿಸಿದವನು ಅವನೇ. ಗೆಳೆತನದ ಮೊದಲ ಕರ್ತವ್ಯ ಯಾವುದೆಂಬುದು ಇದರಿಂದ ತಿಳಿಯುತ್ತದೆ. ಗೆಳೆಯ ಬದುಕಿರುವಾಗ ಅವನ ಬಳಿ ಇರಬೇಕು. ಸ್ಮರಣೆಯ ಮಾತು ಆಮೇಲಿನದು.

‘ಹಣ ಬೇಕಾದರೆ ನೇರವಾಗಿ ಕೊಡಬಹುದಲ್ಲ, ಬೀದಿಯಲ್ಲಿ ಓಡುವುದೇಕೆ?’ ಎಂದು ಕೇಳುವವರುಂಟು. ಪ್ರಶ್ನೆ ಸಾಧುವಾದುದೇ. ಬಣ್ಣದ ಅಂಗಿ, ಧ್ವನಿವರ್ಧಕ, ಹಾರತುರಾಯಿಗಳಲ್ಲಿ ಮುಗಿದುಹೋಗುವ ಓಟದಿಂದ ಯಾವ ರೋಗಿಗೂ ಪ್ರಯೋಜನವಿಲ್ಲ. ಸತ್ತವನ ಹೆಸರಿನಲ್ಲಿ ಕೂಡಿಸಿದ ಪ್ರತಿಯೊಂದು ರೂಪಾಯಿಯ ಲೆಕ್ಕವನ್ನೂ ಊರ ಮುಂದೆ ಓದಿ ಹೇಳಬೇಕು. ಆದರೆ ಮೌನವಾಗಿ ಕೊಟ್ಟ ಹಣದಿಂದ ಆಗದ ಕೆಲಸವೊಂದು ಓಟದಿಂದ ಆಗುತ್ತದೆ. ಹಳ್ಳಿಗಳಲ್ಲಿ ಎಷ್ಟೋ ಮಂದಿ ಇಂದಿಗೂ ಕ್ಯಾನ್ಸರಿನ ಹೆಸರೆತ್ತಲು ಅಂಜುತ್ತಾರೆ. ‘ಆ ಕಾಯಿಲೆ’ ಎಂದು ಪಿಸುಗುಟ್ಟುತ್ತಾರೆ. ಪೂರ್ವಜನ್ಮದ ಪಾಪವೆಂದು ಮರೆಮಾಚುತ್ತಾರೆ. ಅಂಟುಜಾಡ್ಯವೆಂದು ರೋಗಿಯ ಲೋಟವನ್ನು ಬೇರೆಯಾಗಿಡುವವರೂ ಇದ್ದಾರೆ. ಇದು ಒಬ್ಬರಿಂದೊಬ್ಬರಿಗೆ ಅಂಟುವ ರೋಗವಲ್ಲ. ಬೇಗನೆ ಪತ್ತೆಯಾದರೆ ಇದರ ಹಲವು ಬಗೆಗಳು ಗುಣವಾಗುತ್ತವೆ. ಮುಚ್ಚಿಟ್ಟಷ್ಟು ದಿನವೂ ರೋಗ ಬೆಳೆಯುತ್ತದೆ. ನೂರು ಮಂದಿ ವಿದ್ಯಾರ್ಥಿಗಳು ತಮ್ಮ ಸಹಪಾಠಿಯ ಹೆಸರು ಹೇಳಿಕೊಂಡು ಪೇಟೆಯ ಬೀದಿಯಲ್ಲಿ ಓಡಿದರೆ, ಜಗಲಿಯ ಮೇಲೆ ಕುಳಿತವರು ‘ಯಾರಿಗಾಗಿ, ಏತಕ್ಕಾಗಿ?’ ಎಂದು ಕೇಳದಿರಲಾರರು. ಆ ಕೇಳುವಿಕೆಯಿಂದಲೇ ಅಂಜಿಕೆ ಸಡಿಲಗೊಳ್ಳುತ್ತದೆ.

ಕೂಡಿದ ಹಣಕ್ಕೆ ದಾರಿ ಹುಡುಕಲು ದೂರ ಹೋಗಬೇಕಾಗಿಲ್ಲ. ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪನೆಗೊಂಡ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯ ಹೆಸರೇ ಒಂದು ಸ್ಮರಣೆ. ಕೇಂದ್ರ ಸಚಿವರಾಗಿದ್ದ ರಫಿ ಅಹಮದ್ ಕಿದ್ವಾಯಿಯವರ ನೆನಪು ಅದರಲ್ಲಿ ಉಳಿದಿದೆ. ನಾಡಿನ ಮೂಲೆಮೂಲೆಗಳಿಂದ ರೋಗಿಗಳು ಅಲ್ಲಿಗೆ ಬರುತ್ತಾರೆ. ಔಷಧಿಯ ವೆಚ್ಚವೊಂದೇ ಅವರ ಹೊರೆಯಲ್ಲ. ತಿಂಗಳುಗಟ್ಟಲೆ ನಡೆಯುವ ಚಿಕಿತ್ಸೆಗೆ ಬಸ್ಸಿನ ದುಡ್ಡು ಬೇಕು, ತಂಗಲು ನೆಲೆ ಬೇಕು. ದೊಡ್ಡಬಳ್ಳಾಪುರದ ನೇಕಾರನು ಮಗನೊಡನೆ ಆಸ್ಪತ್ರೆಗೆ ಹೊರಟ ದಿನ ಮಗ್ಗ ನಿಲ್ಲುತ್ತದೆ. ಮಗ್ಗ ನಿಂತ ದಿನ ಕೂಲಿಯಿಲ್ಲ. ಅಂಥ ಮನೆಗೆ ಒಂದು ತಿಂಗಳ ಅಕ್ಕಿರಾಗಿಯನ್ನು ಮುಟ್ಟಿಸುವ ಓಟವು ಸಾರ್ಥಕವಾದ ಓಟ. ಹಣವಿಲ್ಲದ ಮಕ್ಕಳೂ ಮಾಡಬಹುದಾದ ಕೆಲಸವಿದೆ: ಹಾಸಿಗೆ ಹಿಡಿದ ಗೆಳೆಯನಿಗೆ ತಪ್ಪಿಹೋದ ಪಾಠಗಳನ್ನು ಬರೆದುಕೊಡುವುದು, ಸಂಜೆ ಅವನ ಬಳಿ ಕುಳಿತು ಶಾಲೆಯ ಸುದ್ದಿ ಹೇಳುವುದು.

ಬಾವಿ ತೋಡಿಸಿದ ತಂದೆಗೆ ಮಗ ಮರಳಿ ಬರಲಿಲ್ಲ. ಓಡುವವರಿಗೂ ಗೆಳೆಯ ಮರಳಿ ದೊರೆಯನು. ಆದರೆ ಅವನಂತೆಯೇ ನರಳುತ್ತಿರುವ ಇನ್ನೊಬ್ಬ ಹುಡುಗನು ಸಕಾಲದಲ್ಲಿ ವೈದ್ಯರ ಬಳಿ ಸೇರಿ, ಗುಣಹೊಂದಿ ಮರಳಿ ತರಗತಿಯಲ್ಲಿ ಕುಳಿತುಕೊಳ್ಳಬಹುದು. ಅಗಲಿದ ಗೆಳೆಯನಿಗೆ ಇದಕ್ಕಿಂತ ಒಳ್ಳೆಯ ಸ್ಮಾರಕ ಬೇರೆ ಯಾವುದಿದೆ?